ಹವ್ಯಾಸಿ ರೇಡಿಯೋ ಮತ್ತು ನೆರೆಮನೆಯ ದೂರದರ್ಶನ

೧೯೭೩ರಲ್ಲಿ ಸಿಂಹಗಡದ ಮೇಲೆ ದೂರದರ್ಶನದ ಮರುಪ್ರಸಾರ ಕೇಂದ್ರವು ಆರಂಭವಾಗಲು, ಪುಣೆಯ ಮಾಳಿಗೆಗಳ ಮೇಲೆ ಏರಿಯಲ್ಲುಗಳು ಎದ್ದವು. ಸಮೀಪದಲ್ಲಿ ಹವ್ಯಾಸಿ ರೇಡಿಯೋ ಪ್ರೇಷಕವಿದ್ದರೆ ಅಂಥ ದೂರದರ್ಶನದ ಚಿತ್ರವು ಕದಡುವ ಸಂಭವವಿತ್ತು. ಕಾರಣವೇನು? ಪ್ರೇಷಕದಿಂದ ಮೂಲ ಅಲೆಯೊಡನೆ ಅದರ ಇಮ್ಮಡಿ, ಮುಮ್ಮಡಿ ಆವರ್ತನದ ಕ್ಷೀಣ ಅಲೆಗಳೂ ಹೊರಡುತ್ತವೆ. ೨೧ ಮೆಗಾಹರ್ಟ್ಸಿನ ಮುಮ್ಮಡಿ ೬೩. ಇದು ೬೧ರಿಂದ ೬೮ರವರೆಗಿನ ನಾಲ್ಕನೆಯ ಚಾನೆಲಿನೊಳಗೇ ಬೀಳುತ್ತಿತ್ತು.

ಇಂದು ಕೇಬಲ್, ಡಿಶ್ ಬಂದಿದ್ದರೂ ಪ್ರಬಲವಾದ ಅಲೆಯು ತಂತಿಗಳ ಮೂಲಕ ಪೆಟ್ಟಿಗೆಯೊಳಗೆ ನುಸುಳಬಲ್ಲದು. ಆದುದರಿಂದ, ವಿದ್ಯಾರ್ಥಿಗಳೇ, ಏರಿಯಲ್ಲನ್ನು ಎತ್ತರದಲ್ಲಿ, ದೂರದರ್ಶನದ ಹಾಗೂ ವಿದ್ಯುತ್ತಿನ ತಂತಿಗಳಿಂದ ದೂರವಾಗಿ ಕಟ್ಟಬೇಕು. ಮೇಲಿನ ಅಲೆಗಳನ್ನು ತಡೆಯುವ ಫಿಲ್ಟರನ್ನು ಪ್ರೇಷಕಕ್ಕೆ ಜೋಡಿಸಬೇಕು. ಶಕ್ತಿಯನ್ನು ಅಗತ್ಯವಿದ್ದಷ್ಟೇ ಬಳಸಬೇಕು. ಮೊದಲು ಸ್ವಗೃಹದಲ್ಲಿ ಪರೀಕ್ಷಿಸಿ, ಬಳಿಕ ನೆರೆಯವರನ್ನು ವಿಚಾರಿಸಿರಿ. ಪ್ರಸಾರಕ್ಕೆ ಸರಕಾರದ ಪರವಾನಗಿಯು ಅವಶ್ಯಕ. ನೆರೆಯವರ ನೆಮ್ಮದಿಯೂ ಅಷ್ಟೇ ಅವಶ್ಯಕ.