ಹೇನು ತಿನ್ನುವ ಸಿರ್ಫಿಡ್ ನೊಣ

ಅಲಸಂದೆಯ ಕುಡಿಗೆ ಕರಿಹೇನು ಮುತ್ತಿದಾಗ, ಅದರ ನಡುವೆ ಕಾಲಿಲ್ಲದ ಹಸಿರು ಹುಳುವೊಂದು ತೆವಳುವುದನ್ನು ರೈತರು ಕಂಡಿರಬಹುದು. ಇದನ್ನೂ ಪೀಡೆಯೆಂದೇ ಬಗೆದು ಔಷಧಿ ಹೊಡೆಯುವುದುಂಟು. ವಾಸ್ತವವಾಗಿ ಇದು ಇಸ್ಕಿಯೋಡಾನ್ ಸ್ಕುಟೆಲ್ಲಾರಿಸ್ ಎಂಬ ಸಿರ್ಫಿಡ್ ನೊಣದ ಮರಿಹುಳು. ಕಣ್ಣಿಲ್ಲದ ಇದು ತಲೆಯನ್ನು ಅತ್ತಿತ್ತ ಆಡಿಸುತ್ತ, ತಾಗಿದ ಹೇನನ್ನು ಹಿಡಿದೆತ್ತಿ ರಸ ಹೀರಿ ಸಿಪ್ಪೆಯನ್ನು ಬಿಸಾಡುತ್ತದೆ. ಬೆಳೆದು ಕೋಶವಾಗುವಷ್ಟರಲ್ಲಿ ನೂರಾರು ಹೇನುಗಳು ಮುಗಿದಿರುತ್ತವೆ.

ಭಾರತದಿಂದ ಆಸ್ಟ್ರೇಲಿಯಾದವರೆಗೆ ಹರಡಿರುವ ಈ ಹಳದಿ ಪಟ್ಟೆಯ ನೊಣ ಗಾಳಿಯಲ್ಲಿ ನಿಂತಲ್ಲೇ ಹಾರುತ್ತದೆ. ಜೇನಿನಂತೆ ಕಂಡರೂ ರೆಕ್ಕೆ ಎರಡೇ, ಕುಟುಕುವುದಿಲ್ಲ. ಮಕರಂದ, ಪರಾಗ ಇದರ ಆಹಾರ. ಹೇನಿರುವೆಡೆ ಬಿಳಿ ಮೊಟ್ಟೆಗಳನ್ನು ಬಿಡಿಬಿಡಿಯಾಗಿಡುತ್ತದೆ. 2-3 ದಿನಗಳಲ್ಲಿ ಮರಿ ಹೊರಬರುತ್ತದೆ.

ಸಿಂಪರಣೆಗೆ ಮುನ್ನ ಕುಡಿಗಳನ್ನು ಬಿಡಿಸಿ ನೋಡಬೇಕು. ಮರಿಹುಳುಗಳು ಸಾಕಷ್ಟಿದ್ದರೆ ಕೆಲದಿನ ಕಾಯುವುದು ಲೇಸು. ಎಲೆಗಂಟಿದ ಹನಿಯಾಕಾರದ ಕೋಶಗಳನ್ನೂ ಕೀಳಬಾರದು. ಸುಮಾರು ಒಂದು ವಾರದಲ್ಲಿ ಅವುಗಳಿಂದ ಹೊಸ ನೊಣಗಳು ಬರುತ್ತವೆ.