ನೋವಿನ ಅಂಟುಪಟ್ಟಿ ಮತ್ತು ನಾಗಪುರದ ಬೇಸಿಗೆ

ಕ್ಯಾನ್ಸರಿನಂಥ ವ್ಯಾಧಿಯಲ್ಲಿ ರೋಗಕ್ಕಿಂತಲೂ ಅದರ ನೋವೇ ಮನುಷ್ಯನನ್ನು ಹೆಚ್ಚು ಹಣ್ಣುಮಾಡುವುದುಂಟು. ಮಾತ್ರೆ ನುಂಗಲಾರದ ರೋಗಿಗೂ ಅಂಥ ನೋವಿನಿಂದ ಬಿಡುವು ಕೊಡಬಲ್ಲ ಸಾಧನವೆಂದರೆ ಚರ್ಮದ ಮೇಲೆ ಅಂಟಿಸುವ ಫೆಂಟನಿಲ್ ಪ್ಯಾಚ್. ಅಫೀಮಿನ ಗುಣವನ್ನೇ ಹೊಂದಿರುವ ಈ ಕೃತಕ ಔಷಧವನ್ನು 1960ರಲ್ಲಿ ಬೆಲ್ಜಿಯಮ್ಮಿನ ಪಾಲ್ ಯಾನ್ಸನ್ ಅವರು ಮೊದಲಿಗೆ ತಯಾರಿಸಿದರು. ಇದು ಮಾರ್ಫಿನ್ನಿಗಿಂತ ಬಹುಪಾಲು ಪ್ರಬಲವಾದುದರಿಂದ ಇದರ ಅಳತೆ ಮೈಕ್ರೋಗ್ರಾಮುಗಳಲ್ಲಿ. ಆದರೆ ನೋಡುವುದಕ್ಕೆ ಮಾತ್ರ ಗಾಯಕ್ಕೆ ಹಚ್ಚುವ ಪ್ಲಾಸ್ಟರಿನಂತೆಯೇ ಇರುತ್ತದೆ. ಈ ನಿರುಪದ್ರವಿ ರೂಪವೇ ಇದರ ಮೊದಲ ಅಪಾಯ.

ಒಂದು ಪ್ಯಾಚ್ ಸಾಮಾನ್ಯವಾಗಿ 72 ಗಂಟೆಗಳ ಕಾಲ ಔಷಧವನ್ನು ಸ್ವಲ್ಪಸ್ವಲ್ಪವಾಗಿ ಒಳಗೆ ಬಿಡುತ್ತದೆ. ಔಷಧ ಮೊದಲು ಚರ್ಮದಲ್ಲಿ ಸಂಗ್ರಹವಾಗಿ, ಅನಂತರ ರಕ್ತಕ್ಕೆ ಸೇರುವುದರಿಂದ ಪೂರ್ಣ ಪರಿಣಾಮ ಕಾಣಲು 12ರಿಂದ 24 ಗಂಟೆಗಳು ಬೇಕು. ಮೊದಲ ಸಂಜೆ ನೋವು ತಗ್ಗಲಿಲ್ಲವೆಂದು ಮನೆಯವರೇ ಎರಡನೆಯ ಪ್ಯಾಚ್ ಹಚ್ಚುವುದು ಮಹಾಪ್ರಮಾದ. ಈಗಾಗಲೇ ಮಾರ್ಫಿನ್‌ನಂಥ ಔಷಧಕ್ಕೆ ದೇಹ ಒಗ್ಗಿಕೊಂಡವರಿಗೆ ಮಾತ್ರ ಇದನ್ನು ಕೊಡುತ್ತಾರೆ. ತಲೆನೋವು, ಮಂಡಿನೋವು, ಶಸ್ತ್ರಕ್ರಿಯೆಯ ನೋವುಗಳಿಗೆ ಇದು ಸಲ್ಲದು.

ನಾಗಪುರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ವಿಶೇಷವಾಗಿ ಅರಿಯಬೇಕಾದದ್ದು ಶಾಖದ ವಿಚಾರ. ಚರ್ಮ ಬಿಸಿಯಾದಷ್ಟೂ ಔಷಧ ಬೇಗ ಒಳಸೇರುತ್ತದೆ. ಮೈಜ್ವರ 40 ಡಿಗ್ರಿ ಸೆಲ್ಸಿಯಸ್ಸಿಗೆ ಏರಿದರೆ ರಕ್ತದಲ್ಲಿನ ಫೆಂಟನಿಲ್ ಸುಮಾರು ಮೂರನೆಯ ಒಂದು ಪಾಲಿನಷ್ಟು ಹೆಚ್ಚಬಹುದೆಂದು ತಜ್ಞರ ಲೆಕ್ಕ. ಮೇ ತಿಂಗಳಲ್ಲಿ ಹೊರಗಿನ ತಾಪವೇ 45 ಡಿಗ್ರಿ ಮುಟ್ಟುವ ಈ ಊರಿನಲ್ಲಿ ರೋಗಿಯನ್ನು ಮಧ್ಯಾಹ್ನದ ಬಿಸಿಲಿಗೆ ಒಯ್ಯಬಾರದು, ಕೂಲರಿನ ತಂಪಿನಲ್ಲಿಡಬೇಕು. ಜ್ವರ ಬಂದರೆ ಅಂದೇ ವೈದ್ಯರಿಗೆ ತಿಳಿಸಬೇಕು. ಪ್ಯಾಚ್ ಇರುವ ಜಾಗಕ್ಕೆ ಬಿಸಿನೀರಿನ ಚೀಲ, ಉಪ್ಪಿನ ಗಂಟಿನ ಶಾಖ ಕೂಡದು. ಯುಗಾದಿ, ದೀಪಾವಳಿಯ ಎಣ್ಣೆಸ್ನಾನವನ್ನೂ ಇಂಥವರಿಗೆ ಮಾಡಿಸದಿರುವುದು ಲೇಸು.

ಇನ್ನೊಂದು ಎಚ್ಚರಿಕೆ ನಿದ್ರೆಯದು. ಹಲವು ರಾತ್ರಿ ನರಳಿದ ತಾಯಿ ಮಧ್ಯಾಹ್ನವೆಲ್ಲ ಮಲಗಿದರೆ, “ಪಾಪ, ಈಗ ನಿದ್ದೆ ಹತ್ತಿದೆ, ಎಬ್ಬಿಸಬೇಡಿ” ಎನ್ನುವುದು ಮನೆಯವರ ಸಹಜ ವಾತ್ಸಲ್ಯ. ಆದರೆ ಕರೆದರೆ ಓಗೊಡದಿರುವುದು, ಉಸಿರು ನಿಧಾನವಾಗುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು ಔಷಧ ಮಿತಿಮೀರಿದ ಲಕ್ಷಣಗಳು. ಒಡನೆ ಪ್ಯಾಚ್ ಕಿತ್ತು, 108ಕ್ಕೆ ಕರೆಮಾಡಿ, ರೋಗಿಯನ್ನು ಎಚ್ಚರವಾಗಿಡಲು ಯತ್ನಿಸುತ್ತ ಆಸ್ಪತ್ರೆಗೆ ಸೇರಿಸಬೇಕು. ಪ್ಯಾಚ್ ಕಿತ್ತ ಮಾತ್ರಕ್ಕೆ ಅಪಾಯ ಕಳೆಯಿತೆನ್ನಲಾಗದು. ಚರ್ಮದಲ್ಲಿ ಉಳಿದ ಔಷಧದಿಂದಾಗಿ ರಕ್ತದಲ್ಲಿನ ಪ್ರಮಾಣ ಅರ್ಧಕ್ಕಿಳಿಯಲು 17 ಗಂಟೆ ಅಥವಾ ಇನ್ನೂ ಹೆಚ್ಚು ಹಿಡಿಯುತ್ತದೆ.

ದಿನನಿತ್ಯ ಪಾಲಿಸಬೇಕಾದ ನಿಯಮಗಳು ಹೀಗಿವೆ:

1. ಎದೆ, ಬೆನ್ನಿನ ಮೇಲ್ಭಾಗ ಅಥವಾ ಮೇಲ್ತೋಳನ್ನು ಸಾಬೂನಿಲ್ಲದೆ ಬರಿ ನೀರಿನಿಂದ ತೊಳೆದು, ಪೂರ್ಣ ಒಣಗಿಸಿ ಹಚ್ಚಬೇಕು. ಅಂಗೈಯಿಂದ 30 ಸೆಕೆಂಡು ಒತ್ತಿ ಹಿಡಿಯಬೇಕು.

2. ಹಳೆಯದನ್ನು ತೆಗೆದ ಮೇಲೆಯೇ ಹೊಸದು. ಅದೂ ಬೇರೆ ಜಾಗದಲ್ಲಿ. ಪ್ಯಾಚನ್ನು ಎಂದೂ ಕತ್ತರಿಸಬಾರದು.

3. ಹಚ್ಚಿದ ದಿನ, ವೇಳೆಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ತಂದದ್ದು, ಹಚ್ಚಿದ್ದು, ಉಳಿದದ್ದು ಸದಾ ತಾಳೆಯಾಗಬೇಕು.

4. ಮದ್ಯವನ್ನು ಮುಟ್ಟಕೂಡದು. ವೈದ್ಯರನ್ನು ಕೇಳದೆ ನಿದ್ರೆಯ ಮಾತ್ರೆಯನ್ನೂ ಬೇರೆ ಔಷಧವನ್ನೂ ಕೊಡಕೂಡದು. ಮಲಬದ್ಧತೆ ಸಾಮಾನ್ಯ, ಅದಕ್ಕೆ ಮೊದಲೇ ಔಷಧ ಕೇಳಬೇಕು.

5. ಬಳಸಿದ ಪ್ಯಾಚಿನಲ್ಲೂ ಮಗುವಿನ ಪ್ರಾಣ ತೆಗೆಯುವಷ್ಟು ಔಷಧ ಉಳಿದಿರುತ್ತದೆ. ಅಂಟು ಒಳಗಾಗುವಂತೆ ಮಡಿಸಿ, ಬೀಗದಲ್ಲಿಟ್ಟು, ಕೊಟ್ಟ ಆಸ್ಪತ್ರೆಗೇ ಹಿಂದಿರುಗಿಸುವುದು ಕ್ಷೇಮ.

ಮಿಕ್ಕ ಪ್ಯಾಚುಗಳನ್ನು ಧಾರವಾಡದಲ್ಲಿರುವ ಸೊಂಟನೋವಿನ ಬಂಧುವಿಗೆಂದು ಕಳುಹಿಸುವುದು ಉಪಕಾರವಲ್ಲ; ಆ ಪ್ಯಾಚೇ ಅವರ ಉಸಿರನ್ನು ನಿಲ್ಲಿಸಬಹುದು. ಅದಲ್ಲದೆ ಫೆಂಟನಿಲ್ 1985ರ ಮಾದಕದ್ರವ್ಯ ಕಾಯಿದೆಯ ನಿಯಂತ್ರಣಕ್ಕೆ ಒಳಪಟ್ಟಿದೆ. 2014ರ ತಿದ್ದುಪಡಿಯು ‘ಅತ್ಯಾವಶ್ಯಕ ಮಾದಕ ಔಷಧ’ ಎಂಬ ವರ್ಗವನ್ನು ರೂಪಿಸಿ, ಮಾರ್ಫಿನ್, ಫೆಂಟನಿಲ್ ಮೊದಲಾದವು ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ನೊಂದವರಿಗೆ ಸುಲಭವಾಗಿ ದೊರೆಯಲೆಂದು ದಾರಿ ಮಾಡಿಕೊಟ್ಟಿತು.

ಆದುದರಿಂದ ಭಯಪಟ್ಟು ಈ ಔಷಧವನ್ನು ದೂರವಿಡುವುದೂ ತರವಲ್ಲ, ಹಗುರವಾಗಿ ಕಾಣುವುದೂ ತರವಲ್ಲ. ಮಗನ ಮನೆಯಲ್ಲಿ, ಪರಭಾಷೆಯ ಊರಿನಲ್ಲಿ ಹಾಸಿಗೆ ಹಿಡಿದ ವೃದ್ಧರು ನೋವನ್ನಾಗಲಿ ಮಂಪರನ್ನಾಗಲಿ ವೈದ್ಯರಿಗೆ ಮರಾಠಿಯಲ್ಲೋ ಹಿಂದಿಯಲ್ಲೋ ವಿವರಿಸಲಾರರು. ಅವರ ಪರವಾಗಿ ಗಮನಿಸುವ ಕಣ್ಣು, ಬರೆದಿಡುವ ಕೈ, ವೇಳೆಗೆ ಎಬ್ಬಿಸಿ ಮಾತನಾಡಿಸುವ ದನಿ ಮನೆಯವರದೇ ಆಗಬೇಕು.