ಹೆಪ್ಪುಗಟ್ಟದ ರಕ್ತವೂ ಹೊಸ ಚಿಕಿತ್ಸೆಯೂ

ಆಟವಾಡುತ್ತ ಬಿದ್ದು ಮೊಣಕಾಲು ತರಚಿಕೊಂಡ ಮಗುವಿನ ಗಾಯಕ್ಕೆ ತಾಯಿ ಅರಿಶಿನ ಒತ್ತುತ್ತಾಳೆ. ಕೆಲವು ನಿಮಿಷಗಳಲ್ಲಿ ರಕ್ತ ನಿಲ್ಲುತ್ತದೆ. ಕೀರ್ತಿ ಅರಿಶಿನಕ್ಕೆ ಸಲ್ಲುವುದಾದರೂ ಕೆಲಸ ಮಾಡಿದುದು ರಕ್ತದಲ್ಲಿಯೇ ಇರುವ ಹತ್ತು ಹನ್ನೆರಡು ಬಗೆಯ ಪ್ರೋಟೀನುಗಳು. ವೈದ್ಯರು ಇವನ್ನು ಫ್ಯಾಕ್ಟರುಗಳೆಂದು ಕರೆದು ಅಂಕಿಗಳಿಂದ ಗುರುತಿಸುತ್ತಾರೆ. ಒಂದು ಇನ್ನೊಂದನ್ನು ಎಚ್ಚರಿಸಿ, ಅದು ಮತ್ತೊಂದನ್ನು ಎಚ್ಚರಿಸಿ, ಕಡೆಗೆ ಗಾಯದ ಬಾಯಿಗೆ ನವಿರಾದ ಎಳೆಗಳ ಬಲೆ ಹೆಣೆಯಲ್ಪಡುತ್ತದೆ. ಈ ಸಾಲಿನಲ್ಲಿ ಎಂಟನೆಯ ಫ್ಯಾಕ್ಟರಿನ ಕೊರತೆಯಿದ್ದರೆ ಹಿಮೋಫಿಲಿಯಾ ಎ, ಒಂಬತ್ತನೆಯದರ ಕೊರತೆಯಿದ್ದರೆ ಹಿಮೋಫಿಲಿಯಾ ಬಿ. ಕನ್ನಡದಲ್ಲಿ ಇದನ್ನು ಕುಸುಮರೋಗವೆಂದು ಕರೆಯುವುದೂ ಉಂಟು. ಹೂವಿನ ಹೆಸರನ್ನು ಹೊತ್ತಿದ್ದರೂ ಇದರ ನೋವು ಮಾತ್ರ ಹೂವಿನಂತಹುದಲ್ಲ.

ಈ ರೋಗವುಳ್ಳವನು ಸೂಜಿ ಚುಚ್ಚಿದರೆ ರಕ್ತ ಸೋರಿ ಸಾಯುತ್ತಾನೆಂದು ಜನರು ತಿಳಿದಿರುವುದುಂಟು. ಅದು ಸರಿಯಲ್ಲ. ಅವನನ್ನು ದಿನದಿನವೂ ಬಾಧಿಸುವುದು ಹೊರಗೆ ಕಾಣದ ರಕ್ತಸ್ರಾವ. ಪೆಟ್ಟು ಬೀಳದಿದ್ದರೂ ಮೊಣಕಾಲು, ಮೊಣಕೈ, ಹಿಮ್ಮಡಿಯ ಕೀಲುಗಳೊಳಗೆ ರಕ್ತ ತುಂಬಿ ಊದಿಕೊಳ್ಳುತ್ತದೆ. ಹೀಗೆ ಮತ್ತೆ ಮತ್ತೆ ಆದ ಕೀಲು ಸವೆದು ಬಿಗಿದುಹೋಗುತ್ತದೆ. ಹಿಮೋಫಿಲಿಯಾ ಎ ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಬರುವಂತಹುದು. ಬಿ ಇನ್ನೂ ವಿರಳ. ದೋಷವಿರುವುದು ಎಕ್ಸ್ ವರ್ಣತಂತುವಿನ ಮೇಲಿನ ವಂಶವಾಹಿಯಲ್ಲಿ. ಗಂಡಿಗೆ ಎಕ್ಸ್ ಇರುವುದು ಒಂದೇ ಆದುದರಿಂದ ದೋಷ ಅವನಲ್ಲಿ ಪ್ರಕಟವಾಗುತ್ತದೆ. ಎರಡು ಎಕ್ಸ್‌ಗಳುಳ್ಳ ಹೆಣ್ಣು ಬಹುಮಟ್ಟಿಗೆ ಅದನ್ನು ಹೊತ್ತು ಮುಂದಿನವರಿಗೆ ದಾಟಿಸುವವಳಾಗುತ್ತಾಳೆ. ಆದರೂ ಸುಮಾರು ಮೂರರಲ್ಲಿ ಒಂದು ಪಾಲು ರೋಗಿಗಳ ವಂಶದಲ್ಲಿ ಹಿಂದೆ ಯಾರಿಗೂ ರೋಗವಿರುವುದಿಲ್ಲ. ದೋಷ ಹೊಸದಾಗಿ ಹುಟ್ಟಿರುತ್ತದೆ. ತಾಯಿಯನ್ನು ದೂರುವ ನೆಂಟರಿಗೆ ಇದನ್ನು ಯಾರಾದರೂ ತಿಳಿಸಿ ಹೇಳಬೇಕು.

ಮಂಡ್ಯ ಜಿಲ್ಲೆಯಂತಹ ಕಬ್ಬಿನ ಸೀಮೆಯಲ್ಲಿ ಈ ರೋಗದ ಅರ್ಥವೇ ಬೇರೆ. ಮೈಯೇ ಬಂಡವಾಳವಾದ ಬದುಕು ಅಲ್ಲಿಯದು. ನಾಲೆಯ ನೀರು ತಿರುಗಿಸಬೇಕು, ಕಬ್ಬು ಕಡಿಯಬೇಕು, ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಲ್ಲಬೇಕು. ಮಳವಳ್ಳಿಯ ಕಡೆಯ ಒಂದು ಹಳ್ಳಿಯಲ್ಲಿ ಇಂತಹ ಹುಡುಗನೊಬ್ಬನಿದ್ದಾನೆಂದು ಊಹಿಸಿಕೊಳ್ಳಿರಿ. ನಡುರಾತ್ರಿ ಅವನ ಮೊಣಕಾಲು ಊದಿದರೆ ಬೆಳಗಿನ ಮೊದಲ ಬಸ್ಸಿಗೆ ಕಾಯಬೇಕು. ಇಲ್ಲವೇ ಯಾರದಾದರೂ ಬೈಕಿನ ಹಿಂದೆ ಕುಳಿತು ಮಂಡ್ಯದ ದೊಡ್ಡಾಸ್ಪತ್ರೆ ಸೇರಬೇಕು. ಮದ್ದೂರಿನವನಿಗೆ ಹೆದ್ದಾರಿಯ ಅನುಕೂಲವಿದೆ. ಆದರೆ ಕೀಲಿನೊಳಗೆ ರಕ್ತ ತುಂಬುವಾಗ ಅಷ್ಟು ದಾರಿಯೂ ದೂರವೇ. ತಡವಾದ ಪ್ರತಿಯೊಂದು ಗಂಟೆಯ ಲೆಕ್ಕವನ್ನು ಆ ಕೀಲು ಮುಂದೆ ವರ್ಷಗಟ್ಟಲೆ ತೀರಿಸುತ್ತದೆ. ಕರ್ನಾಟಕದ ಜಿಲ್ಲಾ ಆಸ್ಪತ್ರೆಗಳಲ್ಲಿ ಫ್ಯಾಕ್ಟರನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿರುವುದು ದೊಡ್ಡ ಉಪಕಾರ. ಹೊರಗಿನಿಂದ ಚುಚ್ಚಿದ ಎಂಟನೆಯ ಫ್ಯಾಕ್ಟರು ಒಂದೆರಡು ದಿನಗಳಲ್ಲಿ ಕರಗಿಹೋಗುವುದರಿಂದ ಮತ್ತೆ ಮತ್ತೆ ಚುಚ್ಚಿಸಿಕೊಳ್ಳುವುದು ಮಾತ್ರ ತಪ್ಪುವುದಿಲ್ಲ.

ಹೀಗಿರಲು, ಒಂದೇ ಒಂದು ಸಲದ ಚಿಕಿತ್ಸೆಯಿಂದ ದೇಹವೇ ಫ್ಯಾಕ್ಟರನ್ನು ತಯಾರಿಸಿಕೊಳ್ಳುವಂತೆ ಮಾಡಬಹುದೆಂಬ ಸುದ್ದಿ ಬಂದರೆ ಎಲ್ಲ ರೋಗಿಗಳೂ ಮುನ್ನುಗ್ಗಬೇಕಲ್ಲವೆ? ಹಾಗೆ ಆಗಲಿಲ್ಲ. ಇದಕ್ಕೆ ಕಾರಣಗಳನ್ನು ಅರಿಯುವುದು ಚಿಕಿತ್ಸೆಯನ್ನು ಅರಿಯುವುದರಷ್ಟೇ ಮುಖ್ಯ.

ವಂಶವಾಹಿ ಚಿಕಿತ್ಸೆಯ ಒಂದು ಮಾರ್ಗವೆಂದರೆ, ರೋಗ ತರದ ಒಂದು ಸಣ್ಣ ವೈರಸ್ಸಿನ ಒಳಗಿನದನ್ನು ತೆಗೆದುಹಾಕಿ, ಆ ಚಿಪ್ಪಿನಲ್ಲಿ ಸರಿಯಾದ ವಂಶವಾಹಿಯನ್ನು ಇಟ್ಟು ರಕ್ತನಾಳಕ್ಕೆ ಹರಿಸುವುದು. ಅದು ಯಕೃತ್ತಿನ ಜೀವಕೋಶಗಳನ್ನು ಸೇರಿ ಅಲ್ಲಿ ಫ್ಯಾಕ್ಟರನ್ನು ತಯಾರಿಸತೊಡಗುತ್ತದೆ. ಹಿಮೋಫಿಲಿಯಾ ಬಿ ರೋಗಕ್ಕೆ ಇಂತಹ ಔಷಧವೊಂದಕ್ಕೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ದೊರೆಯಿತು. ಅದರ ಹೆಸರು ಹೆಮ್‌ಜೆನಿಕ್ಸ್. ಬೆಲೆ 35 ಲಕ್ಷ ಡಾಲರು, ಎಂದರೆ ಅಂದಿನ ಲೆಕ್ಕದಲ್ಲಿ 28 ಕೋಟಿ ರೂಪಾಯಿಗಳಿಗೂ ಮಿಗಿಲು. 2024ರಲ್ಲಿ ಫೈಜರ್ ಕಂಪನಿಯ ಬೆಕ್ವೆಜ್ ಎಂಬ ಇನ್ನೊಂದು ಔಷಧಕ್ಕೂ ಅಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಮರುವರ್ಷವೇ ಕಂಪನಿ ಅದನ್ನು ಕೈಬಿಟ್ಟಿತು. ರೋಗಿಗಳಲ್ಲಿಯೂ ವೈದ್ಯರಲ್ಲಿಯೂ ಆಸಕ್ತಿ ಸಾಲದೆಂಬುದು ಕಂಪನಿ ಕೊಟ್ಟ ಕಾರಣ.

ರೋಗಿಗಳ ಈ ಹಿಂಜರಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವವರು ಇತಿಹಾಸವನ್ನು ಮರೆತವರು. 1970ರ ದಶಕದಲ್ಲಿ ಸಾವಿರಾರು ದಾನಿಗಳ ರಕ್ತದ್ರವವನ್ನು ಒಟ್ಟುಗೂಡಿಸಿ ಫ್ಯಾಕ್ಟರಿನ ಪುಡಿಯನ್ನು ತಯಾರಿಸಲಾಗುತ್ತಿದ್ದಿತು. ಅದನ್ನೂ ವರವೆಂದೇ ಜನರು ಸ್ವಾಗತಿಸಿದ್ದರು. ಆ ವರದ ಮೂಲಕವೇ ಎಚ್‌ಐವಿ ಸಾವಿರಾರು ಹಿಮೋಫಿಲಿಯಾ ರೋಗಿಗಳ ದೇಹವನ್ನು ಹೊಕ್ಕಿತು. ಅಮೆರಿಕದ ಇಂಡಿಯಾನಾ ರಾಜ್ಯದ ರಯನ್ ವೈಟ್ ಎಂಬ ಹುಡುಗನಿಗೆ ಸೋಂಕು ತಗುಲಿರುವುದು 1984ರಲ್ಲಿ ತಿಳಿದುಬಂದಿತು. ಮರುವರ್ಷ ಅವನನ್ನು ಶಾಲೆಗೆ ಬರಗೊಡಲಿಲ್ಲ. ಆ ಬಾಲಕ ಶಾಲೆಗೆ ಸೇರುವ ಹಕ್ಕಿಗಾಗಿ ಹೋರಾಡಿ, 1990ರಲ್ಲಿ ತೀರಿಕೊಂಡನು. 1963ರಲ್ಲಿ ವಿಶ್ವ ಹಿಮೋಫಿಲಿಯಾ ಒಕ್ಕೂಟವನ್ನು ಕಟ್ಟಿದ, ತಾನೂ ರೋಗಿಯಾಗಿದ್ದ ಫ್ರಾಂಕ್ ಶ್ನಾಬೆಲ್ ಸಹ 1987ರಲ್ಲಿ ಏಡ್ಸ್‌ನಿಂದಲೇ ಮೃತನಾದನು. ಅವನು ಹುಟ್ಟಿದ ಏಪ್ರಿಲ್ 17ನ್ನು ಈಗ ವಿಶ್ವ ಹಿಮೋಫಿಲಿಯಾ ದಿನವಾಗಿ ಆಚರಿಸುತ್ತಾರೆ. ಇಂತಹ ನೆನಪುಳ್ಳ ಸಮುದಾಯ ಹೊಸ ಔಷಧವನ್ನು ಎರಡು ಸಲ ನೋಡಿ ಮುಟ್ಟಿದರೆ ಅದು ವಿವೇಕವೇ ಸರಿ.

ಹೊಸ ಚಿಕಿತ್ಸೆಯ ಬಗ್ಗೆ ಅವರು ಕೇಳುವ ಪ್ರಶ್ನೆಗಳೂ ತೂಕವುಳ್ಳವು. ಫಲ ಎಷ್ಟು ವರ್ಷ ಉಳಿಯುತ್ತದೆ? ಹಿಮೋಫಿಲಿಯಾ ಎ ರೋಗದಲ್ಲಿ ವರ್ಷಗಳು ಕಳೆದಂತೆ ಫ್ಯಾಕ್ಟರಿನ ಮಟ್ಟ ಇಳಿಯುತ್ತಿರುವುದು ಕಂಡುಬಂದಿದೆ. ಇಳಿದರೆ ಇನ್ನೊಮ್ಮೆ ಪಡೆಯಬಹುದೆ? ಸದ್ಯಕ್ಕೆ ಇಲ್ಲ, ದೇಹವು ಆ ವೈರಸ್ಸಿನ ಗುರುತು ಹಿಡಿದು ಮುಂದಿನ ಸಲ ಒಳಗೆ ಬಿಡುವುದಿಲ್ಲ. ಚಿಕಿತ್ಸೆಯಾದ ಮೇಲೆ ತಿಂಗಳುಗಟ್ಟಲೆ ಯಕೃತ್ತಿನ ಪರೀಕ್ಷೆ ನಡೆಯುತ್ತಿರಬೇಕು. ಯಕೃತ್ತು ಇನ್ನೂ ಬೆಳೆಯುತ್ತಿರುವ ಮಕ್ಕಳಿಗೆ ಇದನ್ನು ಕೊಡುವುದಿಲ್ಲ. ಇತ್ತ ಎಮಿಸಿಜುಮಾಬ್ ಎಂಬ ಔಷಧ ಬಂದಿದೆ. ಚರ್ಮದ ಕೆಳಗೆ ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಚುಚ್ಚುವ ಇದು ಹಿಮೋಫಿಲಿಯಾ ಎ ರೋಗಿಗಳ ರಕ್ತಸ್ರಾವವನ್ನು ಬಹಳವಾಗಿ ತಗ್ಗಿಸುತ್ತದೆ, ಬೇಡವೆನಿಸಿದಾಗ ನಿಲ್ಲಿಸಲೂಬಹುದು. ವಂಶವಾಹಿ ಒಮ್ಮೆ ಒಳಸೇರಿದರೆ ಅದನ್ನು ಹಿಂದಕ್ಕೆ ತೆಗೆಯಲಾಗದು.

ಇನ್ನೊಂದು ಮಾರ್ಗ ನಮ್ಮ ನೆರೆಯಲ್ಲಿಯೇ ತೆರೆದಿದೆ. ಬೆಂಗಳೂರನ್ನು ದಾಟಿ ಹೋದರೆ ಸಿಗುವ ವೇಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಅಲೋಕ್ ಶ್ರೀವಾಸ್ತವ ಮತ್ತು ಸಂಗಡಿಗರು ತೀವ್ರ ಹಿಮೋಫಿಲಿಯಾ ಎ ಇದ್ದ ಐವರಿಗೆ ಚಿಕಿತ್ಸೆ ಮಾಡಿ, ಅದರ ವರದಿಯನ್ನು 2024ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ರೋಗಿಯ ರಕ್ತದಿಂದ ಆಕರಕೋಶಗಳನ್ನು ಬೇರ್ಪಡಿಸಿ, ಅವುಗಳಲ್ಲಿ ಸರಿಯಾದ ವಂಶವಾಹಿಯನ್ನು ಸೇರಿಸಿ, ಅವನಿಗೇ ಮರಳಿ ಕೊಡುವ ಕ್ರಮವಿದು. ವರದಿಯ ವೇಳೆಗೆ ಅವರನ್ನು ಒಂಬತ್ತರಿಂದ ಇಪ್ಪತ್ತೇಳು ತಿಂಗಳುಗಳ ಕಾಲ ಗಮನಿಸಲಾಗಿದ್ದಿತು. ಹೊಸ ಕೋಶಗಳು ನೆಲೆನಿಂತ ಮೇಲೆ ಐವರಲ್ಲಿ ಒಬ್ಬರಿಗೂ ರಕ್ತಸ್ರಾವವಾಗಿರಲಿಲ್ಲ. ಹೊಸ ಕೋಶಗಳಿಗೆ ಎಡೆ ಮಾಡಿಕೊಡಲು ಮೊದಲು ಬಲವಾದ ಔಷಧದಿಂದ ಹಳೆಯ ಅಸ್ಥಿಮಜ್ಜೆಯನ್ನು ಬರಿದು ಮಾಡಬೇಕಾಗುತ್ತದೆ. ಅದರಿಂದ ಸೋಂಕಿನ ಭಯವುಂಟು. ಮುಂದೆ ಮಕ್ಕಳಾಗುವುದಕ್ಕೂ ಅಡ್ಡಿಯಾಗಬಹುದು. ಮದುವೆಯಾಗದ ತರುಣನಿಗೆ ಇದು ಸಣ್ಣ ಮಾತಲ್ಲ.

ನಮ್ಮಲ್ಲಿ ಇಂತಹ ಮಾತುಗಳನ್ನು ಆಡಲು ತಕ್ಕ ಸ್ಥಳಗಳಲ್ಲಿ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಒಂದು. ಅದನ್ನು ನಡೆಸಿಕೊಂಡು ಬಂದಿರುವ ಡಾ. ಸುರೇಶ ಹನಗವಾಡಿ ಸ್ವತಃ ಈ ರೋಗದೊಡನೆ ಬೆಳೆದು ವೈದ್ಯರಾದವರು. ನೋವನ್ನು ಉಂಡವನು ವೈದ್ಯನೂ ಆಗಿದ್ದರೆ ರೋಗಿಯ ಪ್ರಶ್ನೆ ಅರ್ಧಕ್ಕೇ ಅರ್ಥವಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಹಿಮೋಫಿಲಿಯಾ ಸೇರಿರುವುದರಿಂದ, ಓದು ಉದ್ಯೋಗಗಳಲ್ಲಿ ಕೇಳಿ ಪಡೆಯಬಹುದಾದ ಹಕ್ಕುಗಳೂ ಈ ರೋಗಿಗಳಿಗೆ ಇವೆ.

ಮಂಡ್ಯದ ಸೀಮೆಯ ಮನೆಗಳಲ್ಲಿ ಏಳುವ ಇನ್ನೊಂದು ಪ್ರಶ್ನೆಯನ್ನು ಇಲ್ಲಿ ಬಿಡುವಂತಿಲ್ಲ. ಮಗನಿಗೆ ಗುಣವಾದರೆ ರೋಗ ಮನೆತನವನ್ನೇ ಬಿಟ್ಟುಹೋಗುವುದೆ? ಹೋಗುವುದಿಲ್ಲ. ಚಿಕಿತ್ಸೆ ಮುಟ್ಟುವುದು ಯಕೃತ್ತನ್ನು ಅಥವಾ ಮಜ್ಜೆಯನ್ನು. ಸಂತಾನಕ್ಕೆ ದಾಟುವ ವಂಶವಾಹಿ ಹಿಂದಿನಂತೆಯೇ ಇರುತ್ತದೆ. ಅವನ ಗಂಡುಮಕ್ಕಳಿಗೆ ಅವನಿಂದ ರೋಗ ಬರುವುದಿಲ್ಲ. ಹೆಣ್ಣುಮಕ್ಕಳೆಲ್ಲರೂ ದೋಷವನ್ನು ಹೊತ್ತೇ ಹುಟ್ಟುತ್ತಾರೆ. ಅವನ ಅಕ್ಕತಂಗಿಯರೂ ಅದನ್ನು ಹೊತ್ತಿರಬಹುದು, ಅವರ ಹೆಣ್ಣುಮಕ್ಕಳೂ ಹೊತ್ತಿರಬಹುದು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ವಾಡಿಕೆ ಈ ಕಡೆ ಇನ್ನೂ ಉಳಿದಿದೆ. ಅಂತಹ ಮದುವೆಯಲ್ಲಿ ಮಾವನಿಗೆ ಹಿಮೋಫಿಲಿಯಾ ಇದ್ದು, ಹುಡುಗಿಯೂ ದೋಷವನ್ನು ಹೊತ್ತವಳಾಗಿದ್ದರೆ, ಅಪರೂಪವಾಗಿ ಹೆಣ್ಣಿಗೆ ಬರುವ ಈ ರೋಗ ಅವರ ಹೆಣ್ಣುಮಕ್ಕಳಿಗೂ ಬರಬಹುದು. ಹುಡುಗಿಯಲ್ಲಿ ದೋಷವಿದೆಯೇ ಇಲ್ಲವೇ ಎಂಬುದನ್ನು ರಕ್ತದ ವಂಶವಾಹಿ ಪರೀಕ್ಷೆಯಿಂದ ಮದುವೆಗೆ ಮುಂಚೆಯೇ ತಿಳಿಯಬಹುದು.